ಆಟ್‌ಮೂರ್ ಬಯಲು, ಉಳ್ಳಾರ್ತಿ ಕಾವಲು

ಇಂಗ್ಲೆಂಡಿನ ಆಕ್ಸ್‌ಫರ್ಡ್ ಪಟ್ಟಣದಿಂದ ಈಶಾನ್ಯಕ್ಕೆ ಕೆಲವೇ ಮೈಲಿ ಹೋದರೆ ಆಟ್‌ಮೂರ್ ಎಂಬ ಬಯಲು ಸಿಗುತ್ತದೆ. ಸುತ್ತ ಏಳು ಹಳ್ಳಿ, ನಡುವೆ ಸುಮಾರು 4,000 ಎಕರೆ ತಗ್ಗು ನೆಲ. ಚಳಿಗಾಲದಲ್ಲಿ ನೀರು ನಿಂತು ಕೆಸರಾಗುತ್ತಿತ್ತು, ಬೇಸಿಗೆಯಲ್ಲಿ ಹುಲ್ಲು ಎದ್ದು ನಿಲ್ಲುತ್ತಿತ್ತು. ಹಳ್ಳಿಯ ಬಡವರು ಅಲ್ಲಿ ಹಸು ಮೇಯಿಸಿದರು, ಬಾತು ಸಾಕಿದರು, ಮೀನು ಹಿಡಿದರು, ಸೌದೆ ಆಯ್ದರು. ಈ ನೆಲದ ಹಕ್ಕು ನಿಮಗೆಲ್ಲಿಂದ ಬಂತು ಎಂದು ಯಾರಾದರೂ ಕೇಳಿದರೆ ಅವರ ಬಳಿ ಪತ್ರವಿರಲಿಲ್ಲ, ಕಥೆಯಿತ್ತು. ಹಿಂದೆ ಒಬ್ಬ ತಾಯಿ ಓಟ್ಸ್ ತೆನೆಯ ಕಂತೆಗೆ ಬೆಂಕಿ ಹಚ್ಚಿಸಿ, ಅದು ಉರಿದು ಬೂದಿಯಾಗುವುದರೊಳಗೆ ಕುದುರೆಯೇರಿ ಎಷ್ಟು ನೆಲ ಸುತ್ತಿ ಬಂದಳೋ ಅಷ್ಟನ್ನೂ ಸುತ್ತಲಿನ ಹಳ್ಳಿಗಳಿಗೆ ಬಿಟ್ಟುಕೊಟ್ಟಳಂತೆ. ಆ ತಾಯಿ ಮೇರಿ ಮಾತೆಯೇ ಎಂದು ಕೆಲವರು ಹೇಳುತ್ತಿದ್ದರು.

1815ರಲ್ಲಿ ಈ ಬಯಲಿಗೆ ಬೇಲಿ ಹಾಕುವ ಕಾಯ್ದೆ ಪಾರ್ಲಿಮೆಂಟಿನಲ್ಲಿ ಪಾಸಾಯಿತು. ಹರಿಯುವ ಹೊಳೆಯ ದಿಕ್ಕು ತಿರುಗಿಸಿ ಏರಿ ಕಟ್ಟಿದರು. ಆ ಏರಿಯಿಂದ ಅಕ್ಕಪಕ್ಕದ ಹೊಲಗಳಿಗೆ ನೀರು ನುಗ್ಗಿತು. ರೈತರು ಏರಿ ಒಡೆದರು. ಅವರ ಮೇಲೆ ಮೊಕದ್ದಮೆ ಬಿತ್ತು, ನ್ಯಾಯಾಧೀಶರು ಬಿಡುಗಡೆ ಮಾಡಿದರು. ಏರಿಯೇ ಕಾನೂನಿಗೆ ವಿರುದ್ಧವೆಂದರೆ ಬೇಲಿಯೂ ವಿರುದ್ಧವೇ ಇರಬೇಕು ಎಂದು ಹಳ್ಳಿಯವರು ಅರ್ಥ ಮಾಡಿಕೊಂಡರು. 1830ರ ಸೆಪ್ಟೆಂಬರ್ 6ರಂದು ಹಾಡಹಗಲಿನಲ್ಲಿ, ಸುಮಾರು ಸಾವಿರ ಜನ ಆಟ್‌ಮೂರಿನ ಎಲ್ಲೆಯನ್ನು ಏಳು ಮೈಲಿ ಸುತ್ತು ನಡೆದು, ದಾರಿಗೆ ಸಿಕ್ಕ ಬೇಲಿಯನ್ನೆಲ್ಲ ಕಿತ್ತುಹಾಕಿದರು. ಕಥೆಯಲ್ಲಿ ತಾಯಿ ಸುತ್ತಿದ ಹಾದಿಯನ್ನೇ ಮಕ್ಕಳು ಕಾಲ್ನಡಿಗೆಯಲ್ಲಿ ಸುತ್ತಿದರು. ಸೈನ್ಯ ಬಂದು ನಲವತ್ತಕ್ಕೂ ಹೆಚ್ಚು ಮಂದಿಯನ್ನು ಹಿಡಿದು ಬಂಡಿಗಳಲ್ಲಿ ಆಕ್ಸ್‌ಫರ್ಡಿಗೆ ಸಾಗಿಸಿತು. ಅಂದು ಪಟ್ಟಣದಲ್ಲಿ ಸೇಂಟ್ ಜೈಲ್ಸ್ ಜಾತ್ರೆ. ಜಾತ್ರೆಗೆ ಸೇರಿದ್ದ ಜನ ‘ಆಟ್‌ಮೂರ್ ಎಂದೆಂದಿಗೂ’ ಎಂದು ಕೂಗುತ್ತಾ ಸೈನಿಕರ ಮೇಲೆ ಕಲ್ಲು, ಇಟ್ಟಿಗೆ ತೂರಿ ಅಷ್ಟೂ ಕೈದಿಗಳನ್ನು ಬಿಡಿಸಿಕೊಂಡುಬಿಟ್ಟರು.

ಈ ಪ್ರಸಂಗವನ್ನು ಮೊದಲು ಓದಿದಾಗ ನನಗೆ ನೆನಪಾದದ್ದು ಚಳ್ಳಕೆರೆ ತಾಲ್ಲೂಕಿನ ದೊಡ್ಡಉಳ್ಳಾರ್ತಿಯ ಕಾವಲು. ಅಂದಿನಿಂದ ಈ ಎರಡು ಬಯಲುಗಳನ್ನು ಬೇರೆ ಬೇರೆಯಾಗಿ ಯೋಚಿಸಲು ನನ್ನಿಂದ ಆಗಿಲ್ಲ. ಇಂಗ್ಲೆಂಡಿನ ಇತಿಹಾಸವೆಂದು ನಮ್ಮ ಶಾಲೆಗಳಲ್ಲಿ ಕಲಿಸಿದ್ದು ಅರಸರ ಪಟ್ಟಿ, ಯುದ್ಧಗಳ ಇಸವಿ, ಕ್ಲೈವ್, ಕಾರ್ನ್‌ವಾಲಿಸ್. ದನಗಾಹಿಗಳದು, ಸೌದೆ ಆಯುವವರದು, ರಾತ್ರೋರಾತ್ರಿ ಬೇಲಿ ಕಿತ್ತವರದು ಎಂದು ಇನ್ನೊಂದು ಇಂಗ್ಲೆಂಡ್ ಇದೆ. ಇ.ಪಿ. ಥಾಂಪ್ಸನ್ ಅವರಂಥ ಇತಿಹಾಸಕಾರರು ಬಾಳಿನುದ್ದಕ್ಕೂ ಅದನ್ನೇ ಬರೆದರು. 1604ರಿಂದ 1914ರವರೆಗೆ ಆ ದೇಶದ ಪಾರ್ಲಿಮೆಂಟು 5,200ಕ್ಕೂ ಹೆಚ್ಚು ಬೇಲಿ ಕಾಯ್ದೆಗಳನ್ನು ಮಾಡಿ ಸುಮಾರು 68 ಲಕ್ಷ ಎಕರೆಯನ್ನು ಊರೊಟ್ಟಿನ ಬಳಕೆಯಿಂದ ತಪ್ಪಿಸಿತು. ನಮ್ಮನ್ನಾಳಿದವರು ನಮಗಿಂತ ಮೊದಲು ತಮ್ಮ ಊರಿನ ಬಡವರ ನೆಲಕ್ಕೇ ಸರ್ವೆ ಸರಪಳಿ ಎಳೆದಿದ್ದರು. ಚಳ್ಳಕೆರೆಯ ಕುರಿಗಾಹಿಗೆ ಇಂಗ್ಲೆಂಡಿನಲ್ಲೂ ನೆಂಟರಿದ್ದಾರೆ ಎಂದು ನಾನು ನಂಬಿರುವುದು ಈ ಕಾರಣಕ್ಕೆ.

ಕಾವಲೆಂದರೇನೆಂದು ನಮ್ಮ ಕಡೆಯವರಿಗೆ ಬಿಡಿಸಿ ಹೇಳಬೇಕಿಲ್ಲ. ಬೇರೆ ಸೀಮೆಯವರಿಗಾಗಿ ಒಂದೆರಡು ಮಾತು. ಮೈಸೂರಿನ ಚಿಕ್ಕದೇವರಾಜ ಒಡೆಯರು (ಆಳ್ವಿಕೆ 1673–1704) ಅರಮನೆಯ ದನಗಳಿಗಾಗಿ ‘ಬೆಣ್ಣೆ ಚಾವಡಿ’ ಎಂಬ ಇಲಾಖೆ ಮಾಡಿ, ನಾಡಿನ ಹಲವೆಡೆ ಹುಲ್ಲುಗಾವಲುಗಳನ್ನು ಮೀಸಲಿಟ್ಟರು. ಹೈದರ್ ಅದನ್ನು ದಂಡಿನ ಎತ್ತುಗಳ ಇಲಾಖೆಯಾಗಿ ಬೆಳೆಸಿದ. ಟಿಪ್ಪು ಅದಕ್ಕೆ ‘ಅಮೃತ ಮಹಲ್’ ಎಂದು ಹೆಸರಿಟ್ಟು ಕಟ್ಟಳೆಗಳನ್ನು ಬರೆಸಿದ. ಹಳ್ಳಿಕಾರ್, ಹಾಗಲವಾಡಿ, ಚಿತ್ರದುರ್ಗ ಎಂಬ ಮೂರು ಬಗೆಯ ದನಗಳು ಸೇರಿ ಅಮೃತ ಮಹಲ್ ತಳಿಯಾಯಿತು. ಅಂದರೆ ನಮ್ಮ ದುರ್ಗದ ಸೀಮೆಯ ರಕ್ತವೂ ಅದರಲ್ಲಿದೆ. ಬೇಸಿಗೆಗೊಂದು, ಮಳೆಗಾಲಕ್ಕೊಂದು, ಚಳಿಗಾಲಕ್ಕೊಂದು ಎಂದು ಕಾವಲುಗಳನ್ನು ವಿಂಗಡಿಸಿ, ಹಿಂಡುಗಳನ್ನು ಒಂದರಿಂದ ಇನ್ನೊಂದಕ್ಕೆ ಹೊಡೆದುಕೊಂಡು ಹೋಗುತ್ತಿದ್ದರು. ಈ ಎತ್ತುಗಳ ಬಲದಿಂದಲೇ ಹೈದರ್ ಎರಡೂವರೆ ದಿನದಲ್ಲಿ ನೂರು ಮೈಲಿ ದಾಟಿ ಚಿದಂಬರದ ನೆರವಿಗೆ ಧಾವಿಸಿದನೆಂದು ಮೈಸೂರು ಗೆಜೆಟಿಯರ್ ದಾಖಲಿಸಿದೆ.

1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಈ ಹಿಂಡುಗಳ ಬೆಲೆಯನ್ನು ಚೆನ್ನಾಗಿ ಅರಿತವನು ಆರ್ಥರ್ ವೆಲ್ಲೆಸ್ಲಿ. ಧೋಂಡಿಯಾ ವಾಘನನ್ನು ಬೆನ್ನಟ್ಟುವಾಗ, ಆಮೇಲೆ 1803ರ ಮರಾಠಾ ಯುದ್ಧದಲ್ಲಿ, ಅವನ ಫಿರಂಗಿಗಳನ್ನು ಎಳೆದದ್ದು ಮೈಸೂರಿನ ಈ ಎತ್ತುಗಳೇ. ಅವನೇ ಮುಂದೆ ಡ್ಯೂಕ್ ಆಫ್ ವೆಲಿಂಗ್ಟನ್ ಆದ, 1828ರಲ್ಲಿ ಇಂಗ್ಲೆಂಡಿನ ಪ್ರಧಾನಿಯಾದ. ಆಟ್‌ಮೂರಿನ ಜನ ತಮ್ಮ ಎಲ್ಲೆ ಸುತ್ತಿ ಬೇಲಿ ಕಿತ್ತ 1830ರ ಸೆಪ್ಟೆಂಬರಿನಲ್ಲಿ ಸರ್ಕಾರ ನಡೆಸುತ್ತಿದ್ದವನೂ ಅವನೇ. ನಮ್ಮ ಹುಲ್ಲು ಮೇಯ್ದ ಎತ್ತು ಅವನನ್ನು ಗೆಲ್ಲಿಸಿತು; ಅವನ ಆಳ್ವಿಕೆಯಲ್ಲೇ ಅಲ್ಲಿನ ದನಗಾಹಿಗಳ ಮೇಲೆ ಸೈನ್ಯ ಹೋಯಿತು.

ಬ್ರಿಟಿಷರ ಕೈಯಲ್ಲಿ ಅಮೃತ ಮಹಲ್ ಏಳುಬೀಳು ಕಂಡಿತು. 1860ರಲ್ಲಿ ಖರ್ಚು ಹೆಚ್ಚೆಂದು ಹಿಂಡುಗಳನ್ನೇ ಮಾರಿಬಿಟ್ಟರು, 1866ರಲ್ಲಿ ಮತ್ತೆ ಕಟ್ಟಿದರು. ಆದರೂ ಹತ್ತೊಂಬತ್ತನೇ ಶತಮಾನದ ಕೊನೆಗೆ ಮೈಸೂರು ಸಂಸ್ಥಾನದಲ್ಲಿ ನಾಲ್ಕು ಲಕ್ಷ ಎಕರೆಗೂ ಮಿಕ್ಕ ಕಾವಲು ಉಳಿದಿತ್ತು. ಆ ಬಳಿಕ ಲಾರಿ, ಟ್ರ್ಯಾಕ್ಟರ್ ಬಂದವು. ದಂಡಿಗೆ ಎತ್ತು ಬೇಡವಾಯಿತು. ಸರ್ಕಾರಿ ಹಿಂಡು ಕರಗುತ್ತಾ ಹೋದ ಕಡೆಗಳಲ್ಲಿ ಊರಿನ ದನ, ಕುರಿ, ಮೇಕೆಗಳೇ ಕಾವಲಿನ ವಾರಸುದಾರರಾದವು. ಅಷ್ಟು ದಿನದ ರೂಢಿಯನ್ನು ಯಾರೂ ಎಲ್ಲಿಯೂ ಬರೆದಿಡಲಿಲ್ಲ. ಪಹಣಿಯಲ್ಲಿ ಒಡೆಯನ ಹೆಸರಿಗೆ ಜಾಗವಿದೆ, ಕುರಿ ಮೇಯಿಸುವವನ ಹೆಸರಿಗಿಲ್ಲ.

ಇಲ್ಲೊಂದು ಮಾತನ್ನು ನೇರವಾಗಿ ಹೇಳಿಬಿಡಬೇಕು. ಕಾವಲು ಹುಟ್ಟಿದ್ದು ಅರಸರ ಅಗತ್ಯಕ್ಕೆ, ಊರವರಿಗಾಗಿ ಅಲ್ಲ. ಇದನ್ನೇ ಹಿಡಿದು, ಸರ್ಕಾರದ ನೆಲವನ್ನು ಸರ್ಕಾರ ಬೇಕಾದವರಿಗೆ ಕೊಟ್ಟರೆ ನಿಮಗೇನು ಎಂದು ಕೇಳುವವರಿದ್ದಾರೆ. ಇಂಗ್ಲೆಂಡಿನಲ್ಲೂ ಇದೇ ಪ್ರಶ್ನೆ ಇತ್ತು. ಅಲ್ಲಿ ಕಾಮನ್ ಎಂದು ಕರೆಯುವ ಊರೊಟ್ಟಿನ ಬಯಲುಗಳ ಮಣ್ಣು ಕಾನೂನಿನ ಪ್ರಕಾರ ಜಮೀನ್ದಾರನದೇ. ಆದರೆ ಅದರ ಮೇಲಿನ ಹುಲ್ಲು, ಸೌದೆ, ಒಲೆಗೆ ಉರುವಲಾಗುವ ಒಣ ಜೌಗುಮಣ್ಣು ಸುತ್ತಲಿನ ಜನರದು. ಈ ಬಳಕೆಯ ಹಕ್ಕನ್ನು ಜಮೀನ್ದಾರನೂ ಮುರಿಯುವಂತಿರಲಿಲ್ಲ. 1217ರಲ್ಲೇ, ಮ್ಯಾಗ್ನಾ ಕಾರ್ಟಾದ ಬೆನ್ನಿಗೆ, ಅರಣ್ಯ ಸನದು ಎಂಬ ಇನ್ನೊಂದು ಪತ್ರ ಹೊರಟು ಅರಸನ ಕಾಡಿನಲ್ಲಿ ಜನ ದನ ಮೇಯಿಸುವುದನ್ನು, ಸೌದೆ ತರುವುದನ್ನು ಒಪ್ಪಿಕೊಂಡಿತ್ತು. ಮ್ಯಾಗ್ನಾ ಕಾರ್ಟಾ ನಮ್ಮ ಪಠ್ಯಪುಸ್ತಕಕ್ಕೆ ಬಂತು, ಅರಣ್ಯ ಸನದು ಬರಲಿಲ್ಲ. ದೊಡ್ಡಉಳ್ಳಾರ್ತಿಯ ಮಕ್ಕಳಿಗೆ ಹೆಚ್ಚು ಬೇಕಾದದ್ದು ಎರಡನೆಯದು.

ಮಳೆ ವರ್ಷಕ್ಕೆ 500 ಮಿಲಿಮೀಟರ್ ಮುಟ್ಟುವುದೂ ಕಷ್ಟವಾದ ಸೀಮೆ ಇದು. ಶೇಂಗಾ ಬಿತ್ತಿ ಮುಗಿಲು ನೋಡುವ ಊರುಗಳು. ಹೊಲ ಕೈಕೊಟ್ಟ ವರ್ಷ ಮನೆ ನಡೆಸುವುದು ಕುರಿ, ಆ ಕುರಿಯನ್ನು ಸಾಕುವುದು ಕಾವಲು. ಹೊರಗಿನಿಂದ ಬಂದವರ ಕಣ್ಣಿಗೆ ಅದು ಕುರುಚಲು, ಕಲ್ಲು, ಒಣಹುಲ್ಲು. ಸರ್ಕಾರಿ ಭಾಷೆಯಲ್ಲಿ ಬೀಳು. ಅಲ್ಲಿ ಕೃಷ್ಣಮೃಗಗಳಿವೆ, ಪೊರಕೆಗೆ ಹಂಚಿಕಡ್ಡಿ ಇದೆ, ಕಾರೆ ಹಣ್ಣಿದೆ, ದನ ನೀರು ಕುಡಿಯುವ ಗೋಕಟ್ಟೆಗಳಿವೆ.

ದೊಡ್ಡಉಳ್ಳಾರ್ತಿಯ ಕಂಬಳಿಯ ಕೆಲಸವನ್ನು ಹತ್ತಿರದಿಂದ ನೋಡಿದರೆ ಕಾವಲಿಗೂ ಮನೆಗೂ ಇರುವ ಸಂಬಂಧ ಕೈಗೇ ಸಿಗುತ್ತದೆ. ಉಣ್ಣೆ ಕತ್ತರಿಸಿ, ಕಸ ಕಡ್ಡಿ ಆರಿಸಿ, ಬಿಲ್ಲಿನ ಹೆದೆಯಿಂದ ಬಡಿದು ಹಿಂಜುತ್ತಾರೆ. ಹೆಂಗಸರು ರಾಟೆಯಲ್ಲಿ ನೂಲುತ್ತಾರೆ. ವಯಸ್ಸಾದ ಅಜ್ಜಿಯರ ಬೆರಳೇ ಈ ಕೆಲಸಕ್ಕೆ ಹದ. ಹುಣಸೆ ಬೀಜವನ್ನು ನೆನೆಸಿ, ರುಬ್ಬಿ, ಬೇಯಿಸಿ ಅಂಟು ಮಾಡುತ್ತಾರೆ. ಹಾಸಿನ ನೂಲನ್ನು ಬಿಸಿಲಿನಲ್ಲಿ ಬೀದಿಯುದ್ದಕ್ಕೆ ಬಿಗಿದು ಕಟ್ಟಿ ಈ ಅಂಟನ್ನು ಸವರುತ್ತಾರೆ. ನೂಲು ಒಣಗಿ ಬಿರುಸಾದ ಮೇಲೆ ಗುಂಡಿಮಗ್ಗಕ್ಕೆ ಏರಿಸುತ್ತಾರೆ. ಕರಿ ಉಣ್ಣೆಗೆ ಬಣ್ಣ ಹಾಕುವ ಮಾತೇ ಇಲ್ಲ, ಕುರಿಯ ಬಣ್ಣವೇ ಕಂಬಳಿಯ ಬಣ್ಣ. ಮಳೆಗೆ ಹೊದೆಯಲು, ಚಳಿಗೆ ಹಾಸಲು, ಮದುವೆಯಲ್ಲಿ ಗದ್ದುಗೆ ಮಾಡಲು, ದೇವರನ್ನು ಕೂರಿಸಲು ಈ ಕಂಬಳಿಯೇ ಬೇಕು. ಕುರಿ ಕಟ್ಟಿಹಾಕಿ ಸಾಕುವ ಪ್ರಾಣಿಯಲ್ಲ. ಮೇಯುವ ಬಯಲು ಹೋದರೆ ಉಣ್ಣೆ ಹೋಯಿತು, ಉಣ್ಣೆಯ ಹಿಂದೆ ಮಗ್ಗ ಹೋಯಿತು, ಮಗ್ಗದ ಹಿಂದೆ ಅಜ್ಜಿಯ ಕೈಗೆ ಬರುತ್ತಿದ್ದ ನಾಲ್ಕು ಕಾಸೂ ಹೋಯಿತು.

ಇನ್ನು ಕಥೆಗಳ ವಿಷಯ. ಆಟ್‌ಮೂರಿನವರಿಗೆ ಓಟ್ಸ್ ಕಂತೆಯ ಒಂದು ಕಥೆಯಿತ್ತು, ನಮ್ಮಲ್ಲಿ ಇಡೀ ಪುರಾಣಗಳೇ ಇವೆ. ಕಾಡುಗೊಲ್ಲರ ಜುಂಜಪ್ಪ ಅಣ್ಣತಮ್ಮಂದಿರ ಹೊಲಕ್ಕಾಗಿ ಕಾದಾಡಿದ ವೀರನಲ್ಲ. ಬರದಲ್ಲಿ ದನಗಳ ಹಿಂಡು ಹೊಡೆದುಕೊಂಡು ಹುಲ್ಲು, ನೀರು ಅರಸಿ ಅಲೆದವನು. ಅವನ ಎತ್ತು ಬಡಮೈಲನಿಗೂ ಕಾವ್ಯದಲ್ಲಿ ಅವನಷ್ಟೇ ಗೌರವ. ಮೂರಡಿ ಉದ್ದದ ಬಿದಿರಿನ ಕೊಳಲು ‘ಗಣೆ’ಯನ್ನು ಊದಿ ಅವನ ಕಥೆ ಹಾಡುತ್ತಾರೆ. ಮ್ಯಾಸಬೇಡರಿಗೆ ಗಾದ್ರಿ ಪಾಲನಾಯಕನಿದ್ದಾನೆ, ಅವನೂ ದನ ಕಾಯ್ದ ವೀರ. ಕೋಳಿ ತಿನ್ನದ, ಹೆಂಡ ಮುಟ್ಟದ ಈ ಜನ ಇಂದಿಗೂ ‘ದೇವರ ಎತ್ತು’ಗಳ ಹಿಂಡುಗಳನ್ನು ಸಾಕುತ್ತಾರೆ. ಆ ಎತ್ತಿಗೆ ನೊಗ ಹೂಡುವುದಿಲ್ಲ, ಅದನ್ನು ಮಾರುವುದಿಲ್ಲ. ಕಿಲಾರಿಗಳು ಅವುಗಳ ಜೊತೆಗೇ ಬಯಲಿನಲ್ಲಿ ಬಾಳುತ್ತಾರೆ. ಚಳ್ಳಕೆರೆ, ಮೊಳಕಾಲ್ಮೂರು ಸೀಮೆಯಲ್ಲಿ ಬರ ಬಿದ್ದ ವರ್ಷ ದೇವರ ಎತ್ತಿಗೆ ಮೇವಿಲ್ಲವೆಂಬುದೇ ಮೊದಲ ಸುದ್ದಿಯಾಗುತ್ತದೆ.

ಚಳ್ಳಕೆರೆ ತಾಲ್ಲೂಕಿನ ಯಲಗಟ್ಟೆ ಗೊಲ್ಲರಹಟ್ಟಿಯ ಸಿರಿಯಜ್ಜಿ ಅಕ್ಷರ ಕಲಿತವರಲ್ಲ. ಅವರ ನೆನಪಿನಲ್ಲಿ ಸಾವಿರಾರು ಪದಗಳಿದ್ದವು. ಕೃಷ್ಣಮೂರ್ತಿ ಹನೂರು ಅವರು ಹಟ್ಟಿಗೆ ಹೋಗಿ ಕೂತು ಅವನ್ನು ಬರೆದುಕೊಂಡರು. ಇಂಥ ಪದಗಳನ್ನು ನಾವು ಸಾಹಿತ್ಯವೆಂದು ಗೌರವಿಸಿ ಕಪಾಟಿನಲ್ಲಿ ಇಡುತ್ತೇವೆ. ನನ್ನ ಮಟ್ಟಿಗೆ ಅವು ದಾಖಲೆಗಳು. ಯಾವ ಬೆಟ್ಟದ ಸೆರಗಿನಲ್ಲಿ ಹಿಂಡು ತಂಗಿತು, ಯಾವ ಕಟ್ಟೆಯಲ್ಲಿ ನೀರು ಕುಡಿಯಿತು, ಯಾವ ದಾರಿಯಲ್ಲಿ ದೇವರು ಹಾದುಹೋಯಿತು ಎಂದು ಹಾಡುವವರು ತಮ್ಮ ಎಲ್ಲೆಕಟ್ಟನ್ನೇ ಹಾಡುತ್ತಿದ್ದಾರೆ. ಇಂಗ್ಲೆಂಡಿನ ಹಳ್ಳಿಗಳಲ್ಲಿ ವರ್ಷಕ್ಕೊಮ್ಮೆ ಪಾದ್ರಿಯೊಂದಿಗೆ ಊರ ಹುಡುಗರು ಎಲ್ಲೆಯುದ್ದಕ್ಕೂ ನಡೆದು, ಗಡಿಗಲ್ಲಿಗೆ ಕೋಲಿನಿಂದ ಬಡಿದು ಅದರ ಜಾಗವನ್ನು ನೆನಪಿಗೆ ಹಚ್ಚಿಕೊಳ್ಳುತ್ತಿದ್ದರು. ನಮ್ಮಲ್ಲಿ ಜಾತ್ರೆಗೆ ಹೊರಟ ದೇವರು, ಹೊಳೆಗೆ ಹೊರಟ ದೇವರು, ಅದರ ಹಿಂದೆ ಉರುಮೆ ಬಡಿಯುತ್ತಾ ನಡೆಯುವ ಹಟ್ಟಿಯ ಜನ ಮಾಡುವುದೂ ಅದೇ ಕೆಲಸ.

ಜನ ದಂಗೆ ಎದ್ದಾಗ ಕಥೆ ಇನ್ನೊಂದು ರೀತಿಯಲ್ಲಿ ಕೆಲಸಕ್ಕೆ ಬರುತ್ತದೆ. 1607ರಲ್ಲಿ ಇಂಗ್ಲೆಂಡಿನ ನಡುನಾಡಿನಲ್ಲಿ ಬೇಲಿಗಳ ವಿರುದ್ಧ ದೊಡ್ಡ ದಂಗೆಯಾಯಿತು. ಮುಂದಾಳು ಜಾನ್ ರೆನಾಲ್ಡ್ಸ್ ಎಂಬ ಬಡವ. ಜನ ಅವನನ್ನು ‘ಕ್ಯಾಪ್ಟನ್ ಪೌಚ್’ ಎಂದು ಕರೆದರು. ಎಂಥ ವೈರಿ ಬಂದರೂ ನಿಮ್ಮನ್ನು ಕಾಯುವ ವಸ್ತು ನನ್ನ ಸೊಂಟದ ಚೀಲದಲ್ಲಿದೆ ಎಂದು ಅವನು ಧೈರ್ಯ ಹೇಳುತ್ತಿದ್ದ. ಜೂನ್ 8ರಂದು ನಾರ್ಥಾಂಪ್ಟನ್‌ಶೈರಿನ ನ್ಯೂಟನ್ ಊರಿನಲ್ಲಿ ಜಮೀನ್ದಾರರ ಪಡೆ ಜನರ ಮೇಲೆ ಬಿದ್ದು ನಲವತ್ತು ಐವತ್ತು ಮಂದಿಯನ್ನು ಕೊಂದಿತು. ರೆನಾಲ್ಡ್ಸ್‌ನನ್ನು ಹಿಡಿದು ಚೀಲ ಬಿಚ್ಚಿ ನೋಡಿದರೆ ಅದರಲ್ಲಿದ್ದದ್ದು ಒಂದು ತುಂಡು ಹಸಿ ಚೀಸ್. ಬರೆದವರು ಇದನ್ನು ಜನರ ಮೌಢ್ಯವೆಂದು ಬರೆದರು. ನಾನು ಹಾಗೆ ಓದಲಾರೆ. ಪತ್ರ, ಮುದ್ರೆ, ಸನದು ಎಲ್ಲ ಎದುರಿನವನ ಕೈಯಲ್ಲೇ ಇರುವಾಗ, ನಮ್ಮ ಕಡೆಗೂ ಒಂದು ಇದೆ ಎಂಬ ಭರವಸೆ ಆ ಚೀಲದಲ್ಲಿತ್ತು.

ಮೈಸೂರು ಸೀಮೆಯ ನಗರ ದಂಗೆಯಲ್ಲೂ ಇಂಥದೇ ಒಂದು ಚೀಲವಿದೆ. ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲ. ಇಷ್ಟು ವಸೂಲಿ ಮಾಡಿಕೊಡುತ್ತೇವೆ ಎಂದು ಷರತ್ತು ಬರೆದುಕೊಟ್ಟ ಅಧಿಕಾರಿಗಳು ರೈತರನ್ನು ಹಿಂಡತೊಡಗಿದ್ದರು. 1830ರ ಆಗಸ್ಟಿನಲ್ಲಿ, ಅಂದರೆ ಆಟ್‌ಮೂರಿನ ನಡಿಗೆಗೆ ಕೆಲವೇ ವಾರ ಮುಂಚೆ, ನಗರ ಫೌಜುದಾರಿಯ ರೈತರು ಕಂದಾಯ ಕಟ್ಟದೆ ಊರೂರಲ್ಲಿ ‘ಕೂಟ’ ಸೇರಿದರು. ಕುಂಸಿ ಕಡೆಯ ಸಾದರ ಮಲ್ಲ ಎಂಬ ರೈತನ ಮಗ ಬೂದಿ ಬಸಪ್ಪನೆಂಬ ಹೆಸರಿನಲ್ಲಿ ಎದ್ದು ನಿಂತ. ನಗರದ ಹಳೆಯ ಅರಸರ ಮುದ್ರೆಗಳು ಜಂಗಮನೊಬ್ಬನ ಮೂಲಕ ತನಗೆ ಸಿಕ್ಕಿವೆ, ಸಂಸ್ಥಾನದ ವಾರಸುದಾರ ತಾನೇ ಎಂದ. ರೈತರು ನಂಬಿದರು. ತರೀಕೆರೆಯ ಪಾಳೆಯಗಾರ ರಂಗಪ್ಪ ನಾಯಕನೂ ಸೇರಿಕೊಂಡ. ದಂಗೆಯನ್ನು ಕಂಪನಿಯ ಸೈನ್ಯ ಅಡಗಿಸಿತು. 1831ರ ಅಕ್ಟೋಬರಿನಲ್ಲಿ ಗವರ್ನರ್ ಜನರಲ್ ಬೆಂಟಿಂಕ್ ಮೈಸೂರಿನ ಆಡಳಿತವನ್ನೇ ಕಿತ್ತುಕೊಂಡ. ಅದು ಒಡೆಯರಿಗೆ ಮರಳಿದ್ದು 1881ರಲ್ಲಿ. ಅದೇ 1830ರ ಚಳಿಗಾಲದಲ್ಲಿ ಇಂಗ್ಲೆಂಡಿನ ದಕ್ಷಿಣದಲ್ಲಿ ಕೂಲಿಯಾಳುಗಳು ‘ಕ್ಯಾಪ್ಟನ್ ಸ್ವಿಂಗ್’ ಎಂಬ ಇಲ್ಲದ ನಾಯಕನ ಹೆಸರಿನಲ್ಲಿ ಒಕ್ಕಣೆ ಯಂತ್ರಗಳನ್ನು ಒಡೆಯುತ್ತಿದ್ದರು. ಹತ್ತೊಂಬತ್ತು ಮಂದಿಯನ್ನು ಗಲ್ಲಿಗೇರಿಸಿ, ನಾನೂರಕ್ಕೂ ಹೆಚ್ಚು ಮಂದಿಯನ್ನು ಆಸ್ಟ್ರೇಲಿಯಾದ ಕಡೆ ಗಡೀಪಾರು ಮಾಡಿದರು. ಕುಂಸಿಯ ರೈತನಿಗೆ ಇಂಗ್ಲೆಂಡಿನ ಕೆಂಟ್ ಎಂಬ ಸೀಮೆಯ ಸುಳಿವಿರಲಿಲ್ಲ, ಕೆಂಟಿನ ಕೂಲಿಯವನಿಗೆ ಕುಂಸಿ ಗೊತ್ತಿರಲಿಲ್ಲ. ಇಬ್ಬರ ಮೇಲೂ ಬಂದೂಕು ಹಿಡಿಸಿದವರು ಒಂದೇ ದೇಶದ ದೊರೆಗಳು.

ದೊಡ್ಡಉಳ್ಳಾರ್ತಿಗೆ ಹತ್ತಿರದ ತುರುವನೂರಿನಲ್ಲಿ 1939ರಲ್ಲಿ ನಡೆದ ಈಚಲುಮರ ಕಡಿಯುವ ಸತ್ಯಾಗ್ರಹವನ್ನು ಇಲ್ಲಿ ನೆನೆಯದಿದ್ದರೆ ತಪ್ಪಾಗುತ್ತದೆ. ಮೈಸೂರು ಕಾಂಗ್ರೆಸ್ಸಿನ ಅರಣ್ಯ ಸತ್ಯಾಗ್ರಹದ ಭಾಗವಾಗಿ ಎಸ್. ನಿಜಲಿಂಗಪ್ಪ ಅವರ ಮುಂದಾಳ್ತನದಲ್ಲಿ ಹಳ್ಳಿಯ ಜನ ಕೊಡಲಿ ಹಿಡಿದು ಸರ್ಕಾರದ ಈಚಲ ವನಕ್ಕೆ ನುಗ್ಗಿದರು. ಹೆಂಡದ ಗುತ್ತಿಗೆಗೂ ಕಾಡಿನ ಕಾನೂನಿಗೂ ಒಂದೇ ಏಟು. ನಿಜಲಿಂಗಪ್ಪ ಜೈಲಿಗೆ ಹೋದರು, ಮುಂದೆ ಮುಖ್ಯಮಂತ್ರಿಯಾದರು. ಈ ಸೀಮೆಯ ಜನರಿಗೆ ಸರ್ಕಾರದ ನೆಲ ಎಂಬ ಮಾತಿನೆದುರು ನಿಂತು ಗೊತ್ತಿದೆ ಎಂಬುದಕ್ಕೆ ಅದು ಸಾಕ್ಷಿ.

ಹೀಗೆ ನಮ್ಮ ಕಾಲಕ್ಕೆ ಬರೋಣ. 2007ರಿಂದ 2011ರ ನಡುವೆ ಚಳ್ಳಕೆರೆ ತಾಲ್ಲೂಕಿನ ವರವು ಕಾವಲು, ಕುದಾಪುರ, ಉಳ್ಳಾರ್ತಿ ಕಾವಲುಗಳ ನೆಲವನ್ನು ಸರ್ಕಾರ ಹಂಚಿತು. ರಕ್ಷಣಾ ಸಂಶೋಧನಾ ಸಂಸ್ಥೆ ಡಿಆರ್‌ಡಿಒಗೆ 4,290 ಎಕರೆ, ಭಾರತೀಯ ವಿಜ್ಞಾನ ಸಂಸ್ಥೆಗೆ 1,500, ಭಾಭಾ ಅಣು ಸಂಶೋಧನಾ ಕೇಂದ್ರಕ್ಕೆ ಸುಮಾರು 1,800, ಇಸ್ರೊಗೆ ಐನೂರು ಚಿಲ್ಲರೆ. ಸೌರ ವಿದ್ಯುತ್ತಿಗೂ ಸಾವಿರಕ್ಕೂ ಹೆಚ್ಚು ಎಕರೆ ಹೋಯಿತು. ಅಣು ಕೇಂದ್ರದ ಪಾಲಿಗೆ ಬಂದದ್ದರಲ್ಲಿ ಬಹುಪಾಲು ಉಳ್ಳಾರ್ತಿ ಕಾವಲು. ಕಾಗದ ಕಚೇರಿಯಿಂದ ಕಚೇರಿಗೆ ಓಡಾಡುವಾಗ ಹಳ್ಳಿಗಳಿಗೆ ಸುದ್ದಿ ಮುಟ್ಟಲಿಲ್ಲ. ಸುದ್ದಿ ತಂದದ್ದು ಗೋಡೆ. ಮೈಲಿಗಟ್ಟಲೆ ಗೋಡೆ ಏಳತೊಡಗಿದಾಗ ಕುರಿ ಹಿಂಡುಗಳು ಬಳಸಿ ಹೋಗಬೇಕಾಯಿತು, ದೇವರು ನಡೆಯುತ್ತಿದ್ದ ದಾರಿಗೆ ಅಡ್ಡ ಬಂತು. ಆಟ್‌ಮೂರಿನಲ್ಲಿ ಕನಿಷ್ಠ ಚರ್ಚಿನ ಬಾಗಿಲಿಗೆ ನೋಟಿಸು ಅಂಟಿಸಬೇಕೆಂಬ ಕಾನೂನಿತ್ತು. ಜನ ಗುಂಪುಗೂಡಿ ಅದನ್ನೂ ಅಂಟಿಸಲು ಬಿಡಲಿಲ್ಲ. ಇಲ್ಲಿ ತಡೆಯೋಣವೆಂದರೆ ಯಾವ ಬಾಗಿಲಲ್ಲೂ ಅಂಥ ನೋಟಿಸು ಕಾಣಲಿಲ್ಲ.

ಜನ ಸುಮ್ಮನಿರಲಿಲ್ಲ. ಅಮೃತ ಮಹಲ್ ಕಾವಲು ಹಿತರಕ್ಷಣಾ ಹೋರಾಟ ಸಮಿತಿ ಹುಟ್ಟಿತು. ದೊಡ್ಡಉಳ್ಳಾರ್ತಿಯ ಕರಿಯಣ್ಣ ಅದರ ಮುಂದಾಳಾದರು. ಧರಣಿ, ಮೆರವಣಿಗೆ, ಬಂದ್ ನಡೆದವು. ಕುರುಬರು, ಗೊಲ್ಲರು, ಮ್ಯಾಸನಾಯಕರು, ದಲಿತರು ಒಟ್ಟಿಗೆ ನಿಂತರು. ಈ ಸೀಮೆಯಲ್ಲಿ ಅದು ಸಣ್ಣ ಮಾತಲ್ಲ. ಊರಿನ ಸಾಮೂಹಿಕ ಭೂಮಿಯನ್ನು ಕಾಪಾಡಬೇಕೆಂದು ಸುಪ್ರೀಂ ಕೋರ್ಟು 2011ರ ಜನವರಿಯಲ್ಲಿ ಪಂಜಾಬಿನ ಒಂದು ಹಳ್ಳಿಕೆರೆಯ ಪ್ರಕರಣದಲ್ಲಿ ತೀರ್ಪು ಕೊಟ್ಟಿತ್ತು. ಅದು ಜನರಿಗೆ ಆಸೆ ಹುಟ್ಟಿಸಿತು. ಬೆಂಗಳೂರಿನ ಎನ್ವಿರಾನ್‌ಮೆಂಟ್ ಸಪೋರ್ಟ್ ಗ್ರೂಪಿನ ಲಿಯೊ ಸಲ್ಡಾನ ಮತ್ತು ಸಮಿತಿಯವರು 2013ರಲ್ಲಿ ಚೆನ್ನೈನ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯ ಮೊರೆಹೋದರು. ಮಂಡಳಿ ಇಬ್ಬರು ಸದಸ್ಯರ ಸಮಿತಿ ಕಳಿಸಿ ಕಾವಲು ನೋಡಿಸಿತು. ಗೋಡೆಯ ಕೆಲಸಕ್ಕೆ ಕೆಲಕಾಲ ತಡೆ ಬಿತ್ತು. 1830ರಲ್ಲಿ ಏರಿ ಒಡೆದ ರೈತರು ಬಿಡುಗಡೆಯಾದಾಗ ಆಟ್‌ಮೂರಿಗೆ ಆದಂಥ ಸಂಭ್ರಮ ಆಗ ಹಟ್ಟಿಗಳಲ್ಲಿ ಕಂಡಿತು. 2014ರ ಆಗಸ್ಟಿನ ತೀರ್ಪು ಭೂಮಿ ಹಂಚಿಕೆಯನ್ನು ರದ್ದು ಮಾಡಲಿಲ್ಲ.

ಆಮೇಲಿನದು ಪತ್ರಿಕೆಗಳ ಮುಖಪುಟದಲ್ಲಿ ಬಂದ ಇತಿಹಾಸ. 2016ರ ನವೆಂಬರಿನಲ್ಲಿ ಇಲ್ಲಿಂದ ರುಸ್ತುಂ-2 ಚಾಲಕರಹಿತ ವಿಮಾನ ಹಾರಿತು. 2017ರ ಮೇ 28ರಂದು ಡಿಆರ್‌ಡಿಒದ ವೈಮಾನಿಕ ಪರೀಕ್ಷಾ ವಲಯದ ಉದ್ಘಾಟನೆಯಾಯಿತು. ಚಂದ್ರಯಾನದ ಲ್ಯಾಂಡರ್ ಇಳಿಯುವುದನ್ನು ಪರೀಕ್ಷಿಸಲು ಇಸ್ರೊ ಉಳ್ಳಾರ್ತಿ ಕಾವಲಿನಲ್ಲೇ ಗುಂಡಿಗಳನ್ನು ತೋಡಿ ಚಂದ್ರನ ಮೈಯನ್ನು ಮಾಡಿತು. 2023ರ ಆಗಸ್ಟ್ 23ರಂದು ಚಂದ್ರಯಾನ-3 ಚಂದ್ರನ ದಕ್ಷಿಣ ಧ್ರುವದ ಬಳಿ ಇಳಿದಾಗ ನಾನೂ ಎಲ್ಲರಂತೆ ಕುರ್ಚಿಯಂಚಿನಲ್ಲಿ ಕೂತು ನೋಡಿದೆ, ಹೆಮ್ಮೆ ಪಟ್ಟೆ. ಆ ಹೆಮ್ಮೆ ಸುಳ್ಳಲ್ಲ. ಅದರ ತಯಾರಿಗೆ ಕುರಿ ಮೇಯುವ ನೆಲ ಬಿಟ್ಟುಕೊಟ್ಟವರ ಊರಿನ ಹೆಸರನ್ನು ಆ ಸಂಜೆ ಯಾರೂ ಹೇಳಲಿಲ್ಲ. ದೇಶದ ಕೆಲಸಕ್ಕೆ ನೆಲ ಬೇಕಾದರೆ ಕೇಳಬೇಕು, ಬದಲಿಗೆ ಮೇವು, ನೀರು, ದಾರಿಗಳ ಏರ್ಪಾಡು ಮಾಡಬೇಕು, ಉಳಿದ ಕಾವಲನ್ನಾದರೂ ಊರಿನ ಹಕ್ಕೆಂದು ಬರೆದುಕೊಡಬೇಕು. ಇದು ವಿಜ್ಞಾನದ ಮೇಲಿನ ದೂರಲ್ಲ, ಕೇಳದೆ ತೆಗೆದುಕೊಂಡ ಬಗೆಯ ಮೇಲಿನ ದೂರು.

ಆಟ್‌ಮೂರ್ ಏನಾಯಿತೆಂದು ಹೇಳಬೇಕು. ಬೇಲಿ ಕೀಳುವುದು 1835ರ ಸುಮಾರಿನವರೆಗೂ ರಾತ್ರಿ ಹೊತ್ತು ಮುಂದುವರಿಯಿತು, ಕಾವಲಿಗೆ ಪೊಲೀಸರನ್ನೂ ಸೈನಿಕರನ್ನೂ ಇಡಬೇಕಾಯಿತು. ಕೊನೆಗೆ ಬಯಲು ಬೇಲಿಯೊಳಗೆ ಹೋಯಿತು. ಇಪ್ಪತ್ತನೇ ಶತಮಾನದಲ್ಲಿ ಅದರ ಒಂದು ಭಾಗ ಬಾಂಬು ಹಾಕುವ ಅಭ್ಯಾಸಕ್ಕೆ, ಸೈನಿಕರ ಗುಂಡಿನ ತರಬೇತಿಗೆ ಬಳಕೆಯಾಯಿತು. 1980ರ ದಶಕದಲ್ಲಿ ಎಂ-40 ಹೆದ್ದಾರಿ ಆ ಬಯಲನ್ನು ಸೀಳಿ ಹೋಗಬೇಕೆಂದು ಯೋಜನೆ ಬಂತು. ಪರಿಸರ ಹೋರಾಟಗಾರರು ದಾರಿಯಲ್ಲಿದ್ದ ಒಂದು ಹೊಲವನ್ನು ಕೊಂಡು, ‘ಆಲಿಸಳ ಹುಲ್ಲುಗಾವಲು’ ಎಂದು ಹೆಸರಿಟ್ಟು, ಮೂರು ಸಾವಿರಕ್ಕೂ ಹೆಚ್ಚು ಪುಟ್ಟ ಚೌಕಗಳಾಗಿ ಜನರಿಗೆ ಮಾರಿದರು. ಲೂಯಿ ಕ್ಯಾರೊಲ್‌ಗೆ ಚದುರಂಗದ ಹಾಸಿನಂಥ ಲೋಕ ಹೊಳೆದದ್ದು ಈ ಬಯಲನ್ನು ನೋಡಿ ಎಂಬ ಮಾತು ಆ ಸೀಮೆಯಲ್ಲಿದೆ. ಹೆಸರು ಅಲ್ಲಿಂದ ಬಂತು. ಅಷ್ಟು ಒಡೆಯರನ್ನು ಹುಡುಕಿ ನೋಟಿಸು ಕೊಡುವುದು ಸರ್ಕಾರಕ್ಕೆ ಆಗದ ಕೆಲಸವಾಯಿತು. ಹೆದ್ದಾರಿ ಬಳಸಿ ಹೋಯಿತು. 1997ರಿಂದ ಬಯಲಿನ ಒಂದು ಭಾಗ ಪಕ್ಷಿಧಾಮ. ಒತ್ತರಿಸಿದ್ದ ನೀರನ್ನು ಮತ್ತೆ ಒಳಗೆ ಬಿಟ್ಟಿದ್ದಾರೆ.

ಇಂಗ್ಲಿಷರು ಈ ಎಲ್ಲವನ್ನೂ ಬರೆದಿಟ್ಟುಕೊಂಡರು. ಯಾವ ಊರಿನ ಯಾವ ಬಡಗಿ ಯಾವ ಬೇಲಿ ಕಿತ್ತ, ಸಾಕ್ಷಿ ಹೇಳಿದ ಮುದುಕಿ ಏನೆಂದಳು ಎಂಬುದೂ ಕೋರ್ಟಿನ ಕಡತಗಳಲ್ಲಿ, ಊರ ಇತಿಹಾಸಗಳಲ್ಲಿ ಸಿಗುತ್ತದೆ. ಉಳ್ಳಾರ್ತಿ, ಕುದಾಪುರ, ವರವು ಕಾವಲುಗಳ ಸುತ್ತ ಗೋಡೆ ಏಳುವ ಮುಂಚಿನ ದಾರಿಗಳನ್ನು ನಡೆದವರು, ಗೋಕಟ್ಟೆಗಳನ್ನು ಹೆಸರು ಹಿಡಿದು ಹೇಳಬಲ್ಲವರು, ಗಣೆ ಊದಿ ಜುಂಜಪ್ಪನನ್ನು ಹಾಡಬಲ್ಲವರು ಇನ್ನೂ ಹಟ್ಟಿಗಳಲ್ಲಿದ್ದಾರೆ. ಸಿರಿಯಜ್ಜಿ ಈಗ ಇಲ್ಲ. ಚಳ್ಳಕೆರೆ, ಚಿತ್ರದುರ್ಗದ ಕಾಲೇಜುಗಳ ಇತಿಹಾಸ ಮತ್ತು ಕನ್ನಡ ವಿಭಾಗಗಳ ಮಕ್ಕಳಿಗೆ ಒಂದೊಂದು ಹಟ್ಟಿಯನ್ನು ಹಂಚಿಕೊಟ್ಟರೆ, ಸರ್ವೆ ನಕ್ಷೆಯ ಮೇಲೆ ಆ ದಾರಿ, ಆ ಕಟ್ಟೆ, ಆ ದೇವರ ಕಲ್ಲುಗಳನ್ನು ಗುರುತು ಹಾಕಿ, ಪಕ್ಕದಲ್ಲಿ ಹೇಳಿದವರ ಮಾತನ್ನು ಅವರದೇ ನುಡಿಯಲ್ಲಿ ಬರೆದರೆ, ಮುಂದೆ ಉಳಿದ ಕಾವಲಿನ ಹಕ್ಕಿನ ಪ್ರಶ್ನೆ ಯಾವ ಕಚೇರಿಯಲ್ಲಿ ಎದ್ದರೂ ದೊಡ್ಡಉಳ್ಳಾರ್ತಿಯವರು ಕೈಯಲ್ಲಿ ಹಿಡಿದುಹೋಗಲು ಒಂದು ಪುಸ್ತಕವಿರುತ್ತದೆ. ಕುರಿಗಳು ರೊಪ್ಪಕ್ಕೆ ಮರಳಿ ಕುರಿಗಾಹಿಗಳು ಊರಲ್ಲಿ ಸಿಗುವಾಗಲೇ ಈ ಕೆಲಸ ಶುರುವಾಗಬೇಕು.